ಮಾವನ ದರ್ಖಾಸ್ತು

ಕಳೆದ ವರ್ಷ ಆಟಿಯಲ್ಲಿ, ಮಳೆ ಹೊಡೆಯುತ್ತಿದ್ದ ಒಂದು ಸೋಮವಾರ ಬೆಳಿಗ್ಗೆ ಮಾವನ ಫೋನ್ ಬಂತು. "ನಾಳೆ ರಜೆ ಹಾಕ್ಲಿಕ್ಕೆ ಆಗ್ತದಾ? ಆಫೀಸಿಗೊಂದು ಹೋಗ್ಲಿಕ್ಕುಂಟು. ಒಬ್ಬನೇ ಹೋದ್ರೆ ನಾನು ಬೈದು ಬರ್ತೇನೆ. ನೀನಿದ್ರೆ ಮಾತಾಡಿ ಬರ್ಬಹುದು."

ಮಾವ ಅಂದರೆ ಅಮ್ಮನ ಅಣ್ಣ. ಉಡುಪಿಯಿಂದ ಹಿರಿಯಡ್ಕಕ್ಕೆ ಹೋಗುವ ದಾರಿಯಲ್ಲಿ ಅವರ ಮನೆ. 28 ವರ್ಷ ಸೈನ್ಯದಲ್ಲಿದ್ದು 2006ರಲ್ಲಿ ಸುಬೇದಾರ್ ಆಗಿ ಊರಿಗೆ ಬಂದವರು. ಸುಬೇದಾರ್ ಅಂದ ಕೂಡಲೇ ಗಡಿ, ಬಂದೂಕು, ಹಿಮ ಎಲ್ಲ ನೆನಪಾಗುತ್ತದೆ ಅಲ್ವಾ? ಮಾವನದ್ದು ಹಾಗಲ್ಲ. ಅವರು ಕ್ಲರ್ಕ್. ಹೆಚ್ಚಿನ ಸರ್ವಿಸ್ ಕಡತಗಳ ಮಧ್ಯೆಯೇ ಕಳೆಯಿತು, ಕೊನೆಯ ನಾಲ್ಕು ವರ್ಷ ಉತ್ತರದ ಒಂದು ಕಂಟೋನ್ಮೆಂಟಿನಲ್ಲಿ ಜಾಗದ ಕಡತಗಳನ್ನು ನೋಡಿಕೊಳ್ಳುವ ಕೆಲಸ. ಯಾವ ಬಂಗಲೆ ಯಾರದ್ದು, ಯಾವ ಮೈದಾನ ಯಾವ ದರ್ಜೆ, ಎಲ್ಲಿ ಬೇಲಿ ಬಿದ್ದಿದೆ ಅಂತ ಬರೆದಿಡುವುದು. ಹಾಗಾಗಿ ಜಾಗದ ವಿಷಯ ಬಂದರೆ ಅವರು ಸುಮ್ನೆ ಕೂರುವವರಲ್ಲ.

ಆಫೀಸಿಗೆ ಹೋಗಬೇಕಾಗಿದ್ದು ಅವರ ದರ್ಖಾಸ್ತಿಗೆ, ಅಂದರೆ ಸರ್ಕಾರಿ ಜಾಗ ಮಂಜೂರು ಮಾಡಿ ಅಂತ ಕೊಟ್ಟ ಅರ್ಜಿಗೆ. ತರವಾಡಿನ, ಅಂದರೆ ಹಿರಿಯರ ಕುಟುಂಬದ ಆಸ್ತಿಯ, ಪಾಲಿನಲ್ಲಿ ಮಾವನಿಗೆ ಬಂದದ್ದು 60 ಸೆಂಟ್ಸ್. ಕರ್ನಾಟಕದ 1969ರ ಭೂಮಂಜೂರಾತಿ ನಿಯಮಗಳಲ್ಲಿ ಮಾಜಿ ಸೈನಿಕರಿಗೆ ಅಂತ ಒಂದು ಪಾಲು ಮೀಸಲಿದೆ. ಅದನ್ನು ನಂಬಿ 2007ರಲ್ಲಿ ಒಂದು ಸರ್ಕಾರಿ ಜಾಗದ ಸರ್ವೆ ನಂಬರ್ ತೋರಿಸಿ ಅರ್ಜಿ ಕೊಟ್ಟಿದ್ದರು. ಆಮೇಲೆ ನೆನಪಿನೋಲೆಗಳು. ಒಂದಲ್ಲ ಎರಡಲ್ಲ, ಹನ್ನೊಂದು. ಹನ್ನೊಂದಕ್ಕೂ ಸ್ವೀಕೃತಿ ಸೀಲು ಇದೆ. ಪ್ಲಾಸ್ಟಿಕ್ ಕವರಿನೊಳಗೆ ಡಿಸ್ಚಾರ್ಜ್ ಬುಕ್, ಪಿಂಚಣಿ ಕಾಗದ, ಆರ್‌ಟಿಸಿ, ಇದೆಲ್ಲದರ ಮೂರು ಮೂರು ಝೆರಾಕ್ಸ್. ಸೈನ್ಯದ ಕ್ಲರ್ಕ್ ಅಂದರೆ ಹಾಗೆ.

ಬೆಳಿಗ್ಗೆ ಮಂಗಳೂರಿಂದ ಎಕ್ಸ್‌ಪ್ರೆಸ್ ಬಸ್ ಹತ್ತಿ ಹೋದೆ. ಹತ್ತೂವರೆಗೆ ನಾವಿಬ್ಬರೂ ಆ ಕಚೇರಿಯ ಮೇಜಿನ ಮುಂದೆ ಇದ್ದೆವು. ಯಾವ ಕಚೇರಿ ಅಂತ ಹೇಳುವುದಿಲ್ಲ, ಹೇಳಿ ಏನೂ ಆಗಬೇಕಾಗಿಲ್ಲ. ಕೇಸ್ ವರ್ಕರ್ ಒಳ್ಳೆಯ ಹುಡುಗ, ನಿಜವಾಗಿಯೂ. ಎದ್ದು ನಿಂತು ಮಾವನಿಗೆ ಕುರ್ಚಿ ಕೊಟ್ಟ. ಆಮೇಲೆ ಕಡತ ಬಿಚ್ಚಿ ಹೇಳಿದ, "ಸರ್, ನೀವು ಕೇಳಿದ ಜಾಗ ಸಾರ್ವಜನಿಕ ಉದ್ದೇಶಕ್ಕೆ ಕಾಯ್ದಿರಿಸಿ ಆಗಿದೆ."

"ಯಾವಾಗ?"

"2011ರಲ್ಲಿ."

"ನನ್ನ ಅರ್ಜಿ 2007ರದ್ದು ಮಾರಾಯ."

ಹುಡುಗ ಹಾಳೆ ಹಿಂದೆ ಮುಂದೆ ತಿರುಗಿಸಿದ. ಟಿಪ್ಪಣಿ ಹಾಳೆಗಳಿಗೆ ಮೇಲೆ ಬಲಗಡೆ ಕೆಂಪು ಶಾಯಿಯಲ್ಲಿ ನಂಬರ್ ಹಾಕಿರುತ್ತಾರಲ್ಲ, ಅದನ್ನು ಮಾವ ಉಲ್ಟಾದಿಂದಲೇ ಓದಿದರು. 14 ಆದ ಮೇಲೆ 19. ನಡುವಿನ ನಾಲ್ಕು ಹಾಳೆ ಇಲ್ಲ. "ಬೈಂಡಿಂಗಲ್ಲಿ ಬಿದ್ದಿರಬಹುದು ಸರ್" ಅಂದ ಹುಡುಗ. ಅವನ ಮುಖ ನೋಡಿದರೆ ಪಾಪ, ಅವನು ಆಗ ಹೈಸ್ಕೂಲಲ್ಲಿ ಇದ್ದಿರಬೇಕು. ಅವನಿಗೆ ಬೈದು ಏನು ಮಾಡುವುದು?

ಮಾವ ಬೈಯಲಿಲ್ಲ. ನಗಾಡಿದರು. ನನಗೆ ಅದೇ ಹೆದರಿಕೆಯಾದದ್ದು.

ಹೊರಗೆ ಬಂದು ಹೋಟೆಲಲ್ಲಿ ಕೂತೆವು. ಬನ್ಸ್, ಚಾ. ಮಾವ ಬನ್ಸ್ ಮುರಿಯುತ್ತಾ ಆದರ್ಶ ಸೊಸೈಟಿಯ ಕಥೆ ತೆಗೆದರು. ಮುಂಬಯಿಯ ಕೊಲಾಬಾದಲ್ಲಿ ಎದ್ದ 31 ಮಹಡಿಯ ಕಟ್ಟಡ, ಕಾರ್ಗಿಲ್ ಯೋಧರ, ಅವರ ವಿಧವೆಯರ ಹೆಸರು ಅದಕ್ಕೆ ಅಂಟಿಕೊಂಡಿತ್ತು. ಮನೆ ಸಿಕ್ಕಿದ್ದು ರಾಜಕಾರಣಿಗಳ ಸಂಬಂಧಿಕರಿಗೆ, ಅಧಿಕಾರಿಗಳಿಗೆ. ಸೇನೆಯ ಮಾಜಿ ಮುಖ್ಯಸ್ಥರ ಹೆಸರೂ ಪಟ್ಟಿಯಲ್ಲಿತ್ತು. 2010ರಲ್ಲಿ ಗಲಾಟೆಯಾಗಿ ಮಹಾರಾಷ್ಟ್ರದ ಮುಖ್ಯಮಂತ್ರಿ ಅಶೋಕ್ ಚವಾಣ್ ಕುರ್ಚಿ ಬಿಟ್ಟರು. 2016ರಲ್ಲಿ ಬಾಂಬೆ ಹೈಕೋರ್ಟ್ ಕಟ್ಟಡ ಕೆಡವಲು ಹೇಳಿತು, ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. "ಅಲ್ಲಿಯೂ ಕಡತದಿಂದ ಹಾಳೆ ಹೋಗಿತ್ತು, ಗೊತ್ತುಂಟಾ ನಿನಗೆ?" ಹೌದು, ಮಹಾರಾಷ್ಟ್ರ ಸರ್ಕಾರದ ನಗರಾಭಿವೃದ್ಧಿ ಇಲಾಖೆಯ ಕಡತದಿಂದ ಹಾಳೆಗಳು ಕಾಣೆಯಾಗಿ ಸಿಬಿಐ ಅದರ ಹಿಂದೆ ಬಿದ್ದಿತ್ತು.

ನಾನು ಒಂದು ಅಡ್ಡ ಮಾತು ಹಾಕಿದೆ. ತನಿಖಾ ಆಯೋಗ 2012ರಲ್ಲಿ ಆ ಜಾಗ ರಾಜ್ಯ ಸರ್ಕಾರದ್ದು, ರಕ್ಷಣಾ ಇಲಾಖೆಯದ್ದಲ್ಲ, ಕಾರ್ಗಿಲ್‌ನವರಿಗೆ ಮೀಸಲೂ ಆಗಿರಲಿಲ್ಲ ಅಂತ ಹೇಳಿತಲ್ಲ ಮಾವ?

"ಅದೇ ಮಾರಾಯ. ಸೈನ್ಯದವರ ವಶದಲ್ಲಿ ವರ್ಷಗಟ್ಟಲೆ ಇದ್ದ ಜಾಗ. ಅದು ನಮ್ಮದಾ ಅಲ್ಲವಾ ಅಂತ ಬರೆದಿಡಬೇಕಾದವರು ಬರೆದಿಡ್ಲಿಲ್ಲ. ಬರೆಯದಿರುವುದೂ ಒಂದು ಕೆಲಸವೇ. ಅದಕ್ಕೂ ಸಂಬಳ ಉಂಟು."

ಈ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಜಾಗ ನುಂಗುವುದು ಅಂದರೆ ನಾವು ಜೆಸಿಬಿ, ಬೇಲಿ, ರಾತ್ರೋರಾತ್ರಿ ಎದ್ದ ಶೆಡ್ಡು ಅಂತೆಲ್ಲ ಅಂದುಕೊಳ್ಳುತ್ತೇವೆ. ಮಾವ ಹೇಳುವುದು ಬೇರೆ. ಮೊದಲು ಕಾಗದದಲ್ಲಿ ಒಂದು ಶಬ್ದ ಬದಲಾಗುತ್ತದೆ, ಬೇಲಿ ಬರುವುದು ಆಮೇಲೆ.

ಅದಕ್ಕೆ ಅವರ ಹತ್ತಿರ ಉದಾಹರಣೆಯೂ ಇತ್ತು. ಅವರಿದ್ದ ಕಂಟೋನ್ಮೆಂಟಿನಲ್ಲಿ ಒಂದು ಗೋಲ್ಫ್ ಕೋರ್ಸ್. ದಾಖಲೆಯಲ್ಲಿ ಅದು ಎ-1 ಜಾಗ. ಅಂದರೆ ಬ್ಯಾರಕ್ಕು, ಗುಂಡು ಹಾರಿಸುವ ರೇಂಜು, ತರಬೇತಿ, ಇಂಥ ಸೈನ್ಯದ ನೇರ ಕೆಲಸಕ್ಕೆ ಮಾತ್ರ ಇಟ್ಟ ದರ್ಜೆ. ಅಲ್ಲಿ ಬೆಳಿಗ್ಗೆ ಆರಕ್ಕೆ ಊರಿನ ಬಟ್ಟೆ ವ್ಯಾಪಾರಿ ಒಬ್ಬರು ಬಿಳಿ ಟೋಪಿ ಹಾಕಿ ಚೆಂಡು ಹೊಡೆಯುತ್ತಿದ್ದರಂತೆ, ಹಿಂದೆ ಚೀಲ ಹೊತ್ತುಕೊಂಡು ಒಬ್ಬ ಹುಡುಗ. ಒಂದು ದಿನ ಮಾವ ಸೈಕಲಲ್ಲಿ ಡ್ಯೂಟಿಗೆ ಹೋಗುವಾಗ ಗೇಟಿನಲ್ಲಿ ಪೇಂಟರ್ ಏಣಿ ಹತ್ತಿದ್ದ. ಗೋಲ್ಫ್ ಅನ್ನುವ ಅಕ್ಷರದ ಮೇಲೆ ಹಸಿರು ಬಣ್ಣ ಬಳಿದು ಹೊಸ ಹೆಸರು ಬರೆಯುತ್ತಿದ್ದ. ಆರ್ಮಿ ಎನ್ವಿರಾನ್‌ಮೆಂಟಲ್ ಪಾರ್ಕ್ ಆ್ಯಂಡ್ ಟ್ರೈನಿಂಗ್ ಏರಿಯಾ. ಪರಿಸರ ಉದ್ಯಾನ, ತರಬೇತಿ ಪ್ರದೇಶ. ಅಕ್ಷರ ಜಾಸ್ತಿ, ಬೋರ್ಡು ಸಣ್ಣದು. ಕೊನೆಯ ಶಬ್ದವನ್ನು ಅವನು ಒತ್ತಿ ಒತ್ತಿ ಬರೆದಿದ್ದನಂತೆ. ಸಾಯಂಕಾಲ ಅದೇ ವ್ಯಾಪಾರಿ, ಅದೇ ಟೋಪಿ, ಅದೇ ಚೆಂಡು.

"ತರಬೇತಿಯೇ ಅಲ್ವಾ" ಅಂದೆ. ಮಾವ ಚಾ ಉಗುಳುವಷ್ಟು ನಕ್ಕರು.

ಇದು ಮಾವ ಸುಮ್ನೆ ಕಟ್ಟಿದ ಕಥೆ ಇರಬಹುದು ಅಂತ ರಾತ್ರಿ ಮನೆಗೆ ಬಂದ ಮೇಲೆ ಹುಡುಕಿದೆ. ಅಲ್ಲ. ರಕ್ಷಣಾ ಜಾಗಗಳ ನಿರ್ವಹಣೆಯ ಬಗ್ಗೆ ಸಿಎಜಿಯ, ಅಂದರೆ ಸರ್ಕಾರದ ಲೆಕ್ಕ ತಪಾಸಣೆ ಮಾಡುವವರ, 2010-11ರ 35ನೇ ವರದಿ ಇದೆ. ಅದರಲ್ಲಿ ಈ ಹೊಸ ಹೆಸರಿನ ವಿಷಯವೇ ಇದೆ. ಸೇನೆಯ 97 ಗೋಲ್ಫ್ ಕೋರ್ಸ್‌ಗಳು, 8,076 ಎಕರೆ ಸರ್ಕಾರಿ ಜಾಗ. ನಡೆಸುವುದು ಒಂದು ನೋಂದಾಯಿತ ಖಾಸಗಿ ಸಂಘ, ಬಾಡಿಗೆ ಕೊಡುವುದಿಲ್ಲ. ಹೊರಗಿನವರಿಗೂ ಸದಸ್ಯತ್ವ, ಬಂದ ದುಡ್ಡು ಸರ್ಕಾರದ ಖಜಾನೆಗಲ್ಲ, ರೆಜಿಮೆಂಟಿನ ನಿಧಿಗೆ. ಆಡಿಟ್‌ನವರ ಭಾಷೆ ಒಣ ಒಣ, ಆದರೂ ಓದುತ್ತಾ ಹೋದರೆ ಸಿಟ್ಟು ಅವರಿಗೂ ಬಂದಿರಬೇಕು ಅನಿಸುತ್ತದೆ.

ಎಷ್ಟು ಜಾಗ ಅಂತಲೂ ನೋಡಿದೆ. ರಕ್ಷಣಾ ಸಚಿವಾಲಯದ 2022ರ ಲೆಕ್ಕದಲ್ಲಿ ಒಟ್ಟು 17.99 ಲಕ್ಷ ಎಕರೆ. ಚದರ ಕಿಲೋಮೀಟರಿಗೆ ತಂದರೆ ಸುಮಾರು 7,280, ಅಂದರೆ ನಮ್ಮ ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆ ಸೇರಿದರೆ ಎಷ್ಟಾಗುತ್ತದೋ ಅದಕ್ಕಿಂತ ಸ್ವಲ್ಪ ಕಡಿಮೆ. ಅದರಲ್ಲಿ 1.61 ಲಕ್ಷ ಎಕರೆ ಮಾತ್ರ ಆಗಿದ್ದ 62 ಕಂಟೋನ್ಮೆಂಟ್‌ಗಳ ಒಳಗೆ, ಉಳಿದದ್ದೆಲ್ಲ ಹೊರಗೆ ಚದುರಿಕೊಂಡಿತ್ತು. ಇಷ್ಟನ್ನೂ ಪೂರ್ತಿ ಸರ್ವೆ ಮಾಡುವ ಕೆಲಸ ಶುರುವಾದದ್ದು 2018ರ ಅಕ್ಟೋಬರಿನಲ್ಲಿ, ಡ್ರೋನು, ಉಪಗ್ರಹ ಚಿತ್ರ ಎಲ್ಲ ಬಳಸಿ. ಸ್ವಾತಂತ್ರ್ಯ ಬಂದು 71 ವರ್ಷವಾದ ಮೇಲೆ. ಯಾರ ಜಾಗ ಎಲ್ಲಿಯ ತನಕ ಅಂತ ಅಲ್ಲಿಯವರೆಗೆ ಪೂರ್ತಿ ಅಳೆದು ನೋಡದಿದ್ದರೆ, ಕಳೆದುಹೋದದ್ದು ಗೊತ್ತಾಗುವುದಾದರೂ ಹೇಗೆ?

ಹಾಗಂತ ಸಮವಸ್ತ್ರ ಹಾಕಿದವರೆಲ್ಲ ಕಳ್ಳರು ಅನ್ನುವ ಮಾತಿಗೆ ಮಾವ ಒಪ್ಪುವುದಿಲ್ಲ. ಸುಕನಾ ಪ್ರಕರಣವನ್ನೇ ಹೇಳುತ್ತಾರೆ. ಸಿಲಿಗುರಿ ಹತ್ತಿರ, ಸೇನೆಯ ಠಾಣೆಗೆ ತಾಗಿಕೊಂಡ ಸುಮಾರು 70 ಎಕರೆ ಚಹಾ ತೋಟದ ಜಾಗ. ಅಲ್ಲಿ ಕಟ್ಟಡ ಬರಬಾರದು ಅಂತ ಮೊದಲು ಆಕ್ಷೇಪಿಸಿದ್ದ ಸೇನೆಯೇ ಆಮೇಲೆ ಒಂದು ಖಾಸಗಿ ಟ್ರಸ್ಟಿಗೆ ನಿರಾಕ್ಷೇಪಣಾ ಪತ್ರ ಕೊಟ್ಟಿತು. ಉದ್ದೇಶ ಏನಂತೆ? ಶಿಕ್ಷಣ ಸಂಸ್ಥೆ. ಮಿಲಿಟರಿ ಸೆಕ್ರೆಟರಿ ಆಗಿದ್ದ ಲೆಫ್ಟಿನೆಂಟ್ ಜನರಲ್ ಒಬ್ಬರನ್ನು 2011ರಲ್ಲಿ ಕೋರ್ಟ್ ಮಾರ್ಷಲ್ ವಜಾ ಮಾಡಿತು. ಇನ್ನೊಬ್ಬ ಲೆಫ್ಟಿನೆಂಟ್ ಜನರಲ್‌ಗೂ ಶಿಕ್ಷೆಯಾಗಿತ್ತು, 2014ರಲ್ಲಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಅದನ್ನು ರದ್ದು ಮಾಡಿ ಅವರನ್ನು ದೋಷಮುಕ್ತ ಮಾಡಿತು. "ಎಲ್ಲರನ್ನೂ ಒಂದೇ ಕೋಲಿನಲ್ಲಿ ಹೊಡಿಬೇಡ" ಅನ್ನುತ್ತಾರೆ ಮಾವ. ಸರಿ.

ಹೋಟೆಲಿಂದ ಎದ್ದವರು ಸೀದಾ ಮನೆಗೆ ಹೋಗಬಹುದಿತ್ತು. ಮಾವನಿಗೆ ಆ ಜಾಗ ನೋಡಬೇಕಿತ್ತು. ರಿಕ್ಷಾ ಮಾಡಿ ಹೋದೆವು. ಕೆಂಪುಕಲ್ಲಿನ ಎತ್ತರದ ಪಾಗಾರ, ನಡುವೆ ಕಬ್ಬಿಣದ ಗೇಟು. ಕ್ರೀಡೆ, ಸಂಸ್ಕೃತಿ, ಅಭಿವೃದ್ಧಿ ಅಂತ ಉದ್ದದ ಹೆಸರಿನ ಬೋರ್ಡು. ಒಳಗೆ ಎರಡು ಶಟಲ್ ಕೋರ್ಟು, ಒಂದು ಹಾಲ್. ಗೇಟಿನ ಪಕ್ಕದಲ್ಲಿ ಸಣ್ಣ ಫ್ಲೆಕ್ಸು: ಮದುವೆ, ಮೆಹಂದಿ, ಹುಟ್ಟುಹಬ್ಬಕ್ಕೆ ಸಂಪರ್ಕಿಸಿ. ವಾಚ್‌ಮನ್ ಬಂದು ಮೆಂಬರಾ ಅಂತ ಕೇಳಿದ.

ಮಾವ ಕೊಡೆ ಹಿಡಿದುಕೊಂಡು ಬೋರ್ಡನ್ನೇ ನೋಡುತ್ತಾ ನಿಂತರು. "ಅಕ್ಷರ ಜಾಸ್ತಿ, ಬೋರ್ಡು ಸಣ್ಣದು" ಅಂದರು. ವಾಚ್‌ಮನ್‌ಗೆ ಅರ್ಥವಾಗಲಿಲ್ಲ.

ಮನೆಗೆ ಬಂದಾಗ ಎರಡು ಗಂಟೆ. ಅತ್ತೆ ಕುಚ್ಚಲಕ್ಕಿ ಅನ್ನ, ತಿಮರೆ ಚಟ್ನಿ, ಹಲಸಿನ ಹಪ್ಪಳ ಇಟ್ಟಿದ್ದರು. ಮಾವ ಊಟಕ್ಕೆ ಕೂತವರು ನಿಲ್ಲಿಸಲೇ ಇಲ್ಲ. ಕಾಣೆಯಾದ ನಾಲ್ಕು ಹಾಳೆ, ಪಾಗಾರ, ಮೆಂಬರಾ ಅಂತ ಕೇಳಿದ್ದು, ಗೋಲ್ಫು, ಆದರ್ಶ. ಅತ್ತೆ ಗಂಜಿ ತಿಳಿ ಬಡಿಸುತ್ತಾ ಕೇಳಿಸಿಕೊಂಡರು. ಆಮೇಲೆ ತಣ್ಣಗೆ ಕೇಳಿದರು, "ನಮ್ಮ ಕುಮ್ಕಿಗೆ ಎಂತ ಬೋರ್ಡು ಹಾಕುವುದು?"

ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಉಳಿದವರಿಗೆ ಎರಡು ಮಾತು. ವರ್ಗ ಅಂದರೆ ಪಟ್ಟಾ ಇರುವ ಸ್ವಂತ ಜಾಗ. ಕುಮ್ಕಿ ಅಂದರೆ ಆ ವರ್ಗ ಜಾಗದ ಅಂಚಿನಿಂದ 100 ಗಜದೊಳಗೆ ಇರುವ ಸರ್ಕಾರಿ ಜಾಗ. ಪಕ್ಕದ ವರ್ಗದಾರನಿಗೆ ಅಲ್ಲಿ ಸೊಪ್ಪು ಕಡಿಯುವ, ತರಗೆಲೆ ಗುಡಿಸುವ, ದನ ಮೇಯಿಸುವ ಸವಲತ್ತು. ಸವಲತ್ತು ಮಾತ್ರ, ಒಡೆತನ ಅಲ್ಲ. 1964ರ ಭೂಕಂದಾಯ ಕಾಯ್ದೆಯ 79ನೇ ಕಲಮಿನಲ್ಲಿ ಹಾಗೆಯೇ ಇದೆ. ಹಟ್ಟಿ ಇದ್ದ ಕಾಲದಲ್ಲಿ ಸೊಪ್ಪು ಬೇಕಿತ್ತು. ಈಗ ಹಟ್ಟಿಯಲ್ಲಿ ಸ್ಕೂಟರ್ ಇದೆ. ಕುಮ್ಕಿಯಲ್ಲಿ ಗೇರು, ರಬ್ಬರ್, ಕೆಲವು ಕಡೆ ಕೆಂಪುಕಲ್ಲಿನ ಕೋರೆ. ಕೇಳಿದರೆ ನಾವು ಹೇಳುವುದು "ನಮ್ಮ ಕುಮ್ಕಿ". ಆ "ನಮ್ಮ" ಅನ್ನುವ ಶಬ್ದ ಯಾವ ದಾಖಲೆಯಲ್ಲಿದೆ?

ಮಾವನ ಮನೆ ಹಿಂದೆ ಹಾಗೆ ಒಂದು ಎಕರೆ ಉಂಟು. 180 ರಬ್ಬರ್ ಮರ. ತಂತಿ ಬೇಲಿ. ಬೇಲಿ ಹಾಕಿಸಿದಾಗ ಮಂಗಳೂರಿಂದ ಕಲ್ಲಿನ ಕಂಬ ಕಮ್ಮಿಗೆ ತರಿಸಿಕೊಟ್ಟವನು ನಾನೇ, ಟೆಂಪೋದಲ್ಲಿ ಕೂತು ಬಂದದ್ದೂ ನಾನೇ. ಅಕ್ರಮ ಸಕ್ರಮಕ್ಕೆ ಒಂದು ಅರ್ಜಿಯೂ ಹೋಗಿದೆ.

ಮಾವನಿಗೆ ಸಿಟ್ಟು ಬಂತು. "ಅದೂ ಇದೂ ಒಂದೇ ಎಂತ? ಅವರು ಬಾಡಿಗೆಗೆ ಕೊಡ್ತಾರೆ. ನಾನು ದುಡಿತೇನೆ."

"ನಾನೆಂತ ಹೇಳ್ಲಿಲ್ಲಪ್ಪ. ಬೋರ್ಡು ಕೇಳಿದ್ದು" ಅಂದರು ಅತ್ತೆ.

ಒಂದೇ ಅಲ್ಲ, ಅದು ನನಗೂ ಗೊತ್ತು. 8,076 ಎಕರೆಯ ಪಕ್ಕದಲ್ಲಿ ಒಂದು ಎಕರೆ ಇಟ್ಟು ತೂಗಿದರೆ ದೊಡ್ಡವರಿಗೆ ಖುಷಿಯೇ ಆಗುತ್ತದೆ, ಎಲ್ಲರೂ ತಿನ್ನುತ್ತಾರೆ ಅಂತ ಕೈ ತೊಳೆದುಕೊಳ್ಳಬಹುದು. ಆದರೂ ಊಟ ಮುಗಿಯುವ ತನಕ ನಾವಿಬ್ಬರೂ ಗೋಲ್ಫಿನ ಸುದ್ದಿ ಎತ್ತಲಿಲ್ಲ.

ಸಂಜೆ ಮಳೆ ಸ್ವಲ್ಪ ಬಿಟ್ಟಿತು. ಮಾವ ಗಂಬೂಟ್ ಹಾಕಿ, ಕತ್ತಿ ಹಿಡಿದುಕೊಂಡು ಹಿಂದೆ ಹೊರಟರು. ನಾನೂ ಹೋದೆ. ನಮ್ಮ ವರ್ಗ ಎಲ್ಲಿ ಮುಗಿಯುತ್ತದೆ, ಕುಮ್ಕಿ ಎಲ್ಲಿ ಶುರುವಾಗುತ್ತದೆ ಅಂತ ತೋರಿಸುವ ಬಾಂದುಕಲ್ಲು ದರೆಯ ಮೇಲೆ, ಹಾಳಾದ ಮಾವಿನ ಮರದ ಹತ್ತಿರ ಇತ್ತಂತೆ. ರಬ್ಬರ್ ಎಲೆಯ ರಾಶಿ ಸರಿಸಿದೆವು. ಬುಡದಲ್ಲಿ ಬೆಳೆದ ಜರಿಗಿಡ ಸವರಿದೆವು. ಕಾಲಿಗೆ ಉಂಬಳ ಹತ್ತಿತು. ಮಾವ ಆರ್‌ಟಿಸಿ ಜೊತೆಗಿದ್ದ ನಕ್ಷೆಯ ಝೆರಾಕ್ಸನ್ನು ಕೊಡೆ ಕೆಳಗೆ ಬಿಡಿಸಿ, ಹೆಜ್ಜೆ ಅಳೆದು, ಇಲ್ಲೇ ಇಲ್ಲೇ ಅಂತ ಮೂರು ಕಡೆ ತೋರಿಸಿದರು. ಮೂರು ಕಡೆಯೂ ಇಲ್ಲ.

"ಜೆಸಿಬಿಯವನು ಎಳೆದು ಹಾಕಿರ್ತಾನೆ" ಅಂದರು.

ಕತ್ತಲಾಗುತ್ತಾ ಬಂತು. ಕಾಲು ತೊಳೆಯಲು ಬಚ್ಚಲಿನ ಹಿಂದಕ್ಕೆ ಬಂದೆವು. ಅತ್ತೆ ನಳ್ಳಿ ಕೆಳಗೆ ಬಟ್ಟೆ ಕುಸುಬುತ್ತಿದ್ದರು. ಎಂತ ಹುಡುಕುವುದು ಇಷ್ಟೊತ್ತು ಅಂತ ಕೇಳಿದರು. ಮಾವ ಹೇಳಿದರು.

ಅತ್ತೆ ಮಾವನ ಅಂಗಿಯನ್ನು ಬಕೆಟಿಗೆ ಹಾಕಿ, ಒಗೆಯುವ ಕಲ್ಲಿಗೆ ಒಂದು ಚೆಂಬು ನೀರು ಹೊಯ್ದರು. ಸೋಪಿನ ನೊರೆ ಇಳಿಯಿತು. ಸವೆದು ನುಣುಪಾದ ಕಲ್ಲಿನ ತಲೆಯಲ್ಲಿ, ಅಡ್ಡ ಉದ್ದ ಎರಡು ಗೀರು.

"ಬೇಲಿ ಹಾಕಿದ ವರ್ಷ ನೀವೇ ತಂದಿಟ್ಟದ್ದಲ್ವಾ?" ಅಂದರು ಅತ್ತೆ.