ಮುಂದೂಡಿದ್ದೂ ರದ್ದಾದದ್ದೂ

ಹೋದ ವರ್ಷ ಇಲ್ಲಿ ಕಾಸರಗೋಡಿನ ಶಾಲೆಯೊಂದರ ರಕ್ಷಕ-ಶಿಕ್ಷಕ ಸಂಘದ ಸಭೆಯ ಬಗ್ಗೆ ಇಂಗ್ಲಿಷಿನಲ್ಲಿ ಬಂದ ಸೂಚನೆಯನ್ನು, ಕನ್ನಡ ಮಾಧ್ಯಮದ ಮಕ್ಕಳ ಮನೆಯವರಿಗಾಗಿ ಅನುವಾದಿಸಿಕೊಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಅದರಲ್ಲಿದ್ದದ್ದು 'ಕಾಲ್ಡ್ ಆಫ್'. ನಾನು ಅವಸರದಲ್ಲಿ ಬರೆದದ್ದು 'ಮುಂದೂಡಲಾಗಿದೆ'. ಮರುವಾರ ಅದೇ ದಿನ ಬದಿಯಡ್ಕದ ಕಡೆಯಿಂದ ಬಸ್ಸು ಹಿಡಿದು ಬಂದ ನಾಲ್ಕೈದು ತಾಯಂದಿರು, ಬೀಗ ಹಾಕಿದ ಬಾಗಿಲಿನೆದುರು ಜಗಲಿಯಲ್ಲಿ ಕುಳಿತಿದ್ದರು. "ನೀವೇ ಬರೆದದ್ದಲ್ಲವಾ ಮಾಷ್ಟ್ರೇ?" ಎಂದು ಅವರಲ್ಲೊಬ್ಬರು ಚೀಟಿಯನ್ನೇ ತೋರಿಸಿದರು.

'ಪುಟ್ ಆಫ್' ಎಂದರೆ ಮುಂದೂಡುವುದು, 'ಕಾಲ್ ಆಫ್' ಎಂದರೆ ರದ್ದುಪಡಿಸುವುದು. ನಮ್ಮಲ್ಲಿ ಬರುವ ಮಲಯಾಳ ಪತ್ರಿಕೆಗಳು 'ಮಾಟ್ಟಿವೆಚ್ಚು' ಮತ್ತು 'ರದ್ದಾಕ್ಕಿ' ಎಂದು ಇವೆರಡನ್ನು ಬೇರೆಬೇರೆಯಾಗಿಯೇ ಹೇಳುತ್ತವೆ. ಮೊದಲನೆಯದರಲ್ಲಿ ಅಡಗಿರುವುದು 'ಇಡು' ಎಂಬ ಅರ್ಥದ ಕ್ರಿಯಾಪದ. ಇಂಗ್ಲಿಷಿನ 'ಪುಟ್' ಕೂಡ ಅದೇ ಎಂಬುದು ನನಗೆ ತಡವಾಗಿ ಹೊಳೆಯಿತು.

ನನ್ನನ್ನು ಮೋಸಗೊಳಿಸಿದ್ದು ಎರಡರಲ್ಲೂ ಇರುವ 'ಆಫ್'. ಅದಕ್ಕೊಂದೇ ಅರ್ಥವೆಂದು ನಂಬಿದವರು ಎಡವುವುದು ಖಂಡಿತ: ದೀಪ 'ವೆಂಟ್ ಆಫ್' ಎಂದರೆ ಆರಿತು, ಅಲಾರಾಂ 'ವೆಂಟ್ ಆಫ್' ಎಂದರೆ ಬಡಿದುಕೊಳ್ಳತೊಡಗಿತು. ಇದನ್ನು ಕೇಳಿ ನಗುವ ಮೊದಲು ನಮ್ಮ 'ಬಿಡು'ವನ್ನು ನೋಡಿಕೊಳ್ಳಬೇಕು. 'ಹೇಳಿಬಿಟ್ಟ' ಎಂದರೆ ಮಾತು ಹೊರಬಿತ್ತು, 'ಹೇಳದೆ ಬಿಟ್ಟ' ಎಂದರೆ ಒಳಗೇ ಉಳಿಯಿತು. 'ಬರೆದಿಡು', 'ಬರೆದುಕೊಡು', 'ಬರೆದುಕೊಳ್ಳು' ಎಂಬ ಮೂರರಲ್ಲೂ ಬರೆಯುವ ಕೆಲಸ ಒಂದೇ ಆದರೂ ಬರಹ ಯಾರ ಕೈ ಸೇರುತ್ತದೆ ಎಂಬುದನ್ನು ಹೇಳುವುದು ಬಾಲದಲ್ಲಿರುವ ಪದ. ಇಂಗ್ಲಿಷ್ ಕಲಿಸುವಾಗ ನಾನು ಈಗ ಇಲ್ಲಿಂದಲೇ ಆರಂಭಿಸುತ್ತೇನೆ, ಪಟ್ಟಿ ಉರು ಹೊಡೆಸುವುದಿಲ್ಲ.

ಕ್ರಿಯಾಪದಕ್ಕೆ 'ಆಫ್', 'ಅಪ್'ನಂಥ ಪುಟ್ಟ ಪದ ಅಂಟಿಸುವ ಇಂಗ್ಲಿಷಿನ ಈ ಜೋಡಣೆಗಳು ಪರದೇಶದವರಿಗೆ ಬಹಳ ಕಷ್ಟವೆಂದು ಸ್ಯಾಮ್ಯುಯೆಲ್ ಜಾನ್ಸನ್ 1755ರ ತನ್ನ ಇಂಗ್ಲಿಷ್ ನಿಘಂಟಿನ ಮುನ್ನುಡಿಯಲ್ಲೇ ಬರೆದಿದ್ದ. 'ಗಿವ್ ಅಪ್' ಎಂದರೆ ಪ್ರಯತ್ನವನ್ನು ತಾನಾಗಿ ಕೈಬಿಡುವುದು, 'ಗಿವ್ ಇನ್' ಎಂದರೆ ಇನ್ನೊಬ್ಬರ ಒತ್ತಾಯಕ್ಕೆ ಮಣಿಯುವುದು ಎಂಬ ಸೂಕ್ಷ್ಮವನ್ನು ಪದಗಳೆರಡನ್ನು ಬಿಡಿಸಿ ನೋಡಿ ಊಹಿಸುವುದು ಸುಲಭವಲ್ಲ. ಸಾಲದ್ದಕ್ಕೆ ಇವುಗಳ ನಡುವೆ ಕರ್ಮಪದ ನುಸುಳುತ್ತದೆ: 'ಪುಟ್ ಆಫ್ ದ ಮೀಟಿಂಗ್' ಸರಿ, 'ಪುಟ್ ದ ಮೀಟಿಂಗ್ ಆಫ್' ಕೂಡ ಸರಿ, ಆದರೆ ಸರ್ವನಾಮ ಬಂದರೆ 'ಪುಟ್ ಇಟ್ ಆಫ್' ಮಾತ್ರ.

ಆ ಬಳಿಕ ಬಂದ ಇನ್ನೊಂದು 'ಕಾಲ್ಡ್ ಆಫ್' ಸೂಚನೆಗೆ ನಾನು 'ಸಭೆ ನಡೆಯುವುದಿಲ್ಲ, ಯಾರೂ ಬರಬೇಕಾಗಿಲ್ಲ' ಎಂದು ಬರೆದುಕೊಟ್ಟೆ.