ಮೂರನೇ ರೀಡಿಂಗ್

ಮೈಸೂರಿನ ಯುವರಾಜ ಕಾಲೇಜಿನಲ್ಲಿ ನಾನು ಬಿ.ಎಸ್ಸಿ. ಓದಿದ್ದು 80ರ ದಶಕದಲ್ಲಿ. ಟೈಟ್ರೇಶನ್ ಅಂದರೆ ಬ್ಯೂರೆಟ್ ಎಂಬ ಅಳತೆಯ ಗಾಜಿನ ಕೊಳವೆಯಿಂದ ದ್ರಾವಣವನ್ನು ಹನಿ ಹನಿ ಬಿಟ್ಟು, ಬಣ್ಣ ಬದಲಾಗುವ ಹೊತ್ತಿಗೆ ಎಷ್ಟು ಖರ್ಚಾಯಿತೆಂದು ನೋಡುವುದು. ಅದನ್ನು ಎರಡು ಸಲ ಮಾಡಿ, ಮೂರನೆಯದನ್ನು ಮಾಡದೆಯೇ ಅದೇ ಅಂಕಿ ಬರೆದುಬಿಡುವುದು ನನ್ನ ಅಭ್ಯಾಸ. ಒಂದು ದಿನ ಕೆಮಿಸ್ಟ್ರಿ ಮೇಷ್ಟ್ರು ರೆಕಾರ್ಡು ನೋಡಿ, "ಮೂರನೇ ರೀಡಿಂಗ್ ತೆಗೆದೆಯೇನಪ್ಪ?" ಎಂದರು. ನಾನು ಮಾತಾಡಲಿಲ್ಲ. ಅವರೂ ಬೈಯಲಿಲ್ಲ. "ಎನ್‌ಎಸ್‌ಎಸ್ ಕ್ಯಾಂಪಿಗೆ ಬಾ. ಬ್ಯೂರೆಟ್ ನೀನೇ ಹೊತ್ಕೊಂಡು ಬರಬೇಕು" ಎಂದರಷ್ಟೇ.

ಗಾಂಧಿ ಶತಮಾನೋತ್ಸವದ ವರ್ಷ, 1969ರಲ್ಲಿ, 37 ವಿಶ್ವವಿದ್ಯಾನಿಲಯಗಳಲ್ಲಿ ಶುರುವಾದ ರಾಷ್ಟ್ರೀಯ ಸೇವಾ ಯೋಜನೆ ಅದು, ವಿದ್ಯಾರ್ಥಿಗಳನ್ನು ಸಮಾಜಸೇವೆಗೆ ಹಚ್ಚುವುದಕ್ಕೆ. ನಮಗೆ ಮಾತ್ರ ಹತ್ತು ದಿನ ಊರು ಬಿಟ್ಟು ಹೋಗಲು ಒಂದು ನೆಪ.

ನಂಜನಗೂಡಿನ ಕಡೆಯ ಒಂದು ಹಳ್ಳಿ. ಶಾಲೆಯ ಜಗಲಿಯೇ ನಮ್ಮ ಲ್ಯಾಬು. ಬೋರಿನ ನೀರು 50 ಎಂ.ಎಲ್. ಅಳೆದು, ಆಮ್ಲ-ಕ್ಷಾರದ ಮಟ್ಟ ಕದಲದಂತೆ ಹಿಡಿಯುವ ಬಫರ್ ಹಾಕಿ, ಬಣ್ಣ ತೋರಿಸುವ ಇಂಡಿಕೇಟರ್ ಚಿಟಿಕೆ ಉದುರಿಸಿದೆ. ನೀರು ದ್ರಾಕ್ಷಾರಸದ ಕೆಂಪು ಬಣ್ಣಕ್ಕೆ ತಿರುಗಿತು. ನೀರಿನ ಗಡಸುತನ ಅಳೆಯುವ ಇಡಿಟಿಎ ದ್ರಾವಣವನ್ನು ಹನಿ ಹನಿಯಾಗಿ ಬಿಟ್ಟೆ; ಅದು ಹೆಚ್ಚು ಬೇಕಾದಷ್ಟೂ ನೀರು ಗಡಸು. ಹತ್ತು, ಇಪ್ಪತ್ತು, ಊಹೂಂ. 28ರ ಹತ್ತಿರ ಒಂದೇ ಹನಿಗೆ ಅಚ್ಚ ನೀಲಿ! ಕೆರೆ ನೀರಿಗೆ ಆರು ಎಂ.ಎಲ್. ಕೂಡ ಬೇಕಾಗಲಿಲ್ಲ. ಸುತ್ತ ನಿಂತ ಮಕ್ಕಳು "ಇನ್ನೊಂದ್ಸಲ, ಇನ್ನೊಂದ್ಸಲ" ಎಂದು ಕುಣಿದರು. ಹಾಗಾಗಿ ಮೂರನೆಯದೂ ಆಯಿತು, ನಾಲ್ಕನೆಯದೂ ಆಯಿತು.

ಬಿಂದಿಗೆ ಇಳಿಸಿ ನೋಡುತ್ತಿದ್ದ ಒಬ್ಬ ಅಜ್ಜಿ ಕೇಳಿದರು: "ಬಣ್ಣ ಇರ್ಲಿ ಮಗ, ಈ ನೀರಲ್ಲಿ ಬ್ಯಾಳೆ ಯಾಕೆ ಬೇಯಾಕಿಲ್ಲ?"

ನಾನು "ಕ್ಯಾಲ್ಸಿಯಂ ಅಯಾನು, ಪೆಕ್ಟಿನ್ನು..." ಎಂದು ಶುರುಮಾಡಿ ಅಲ್ಲೇ ನಿಂತೆ. ಪರೀಕ್ಷೆಯಲ್ಲಾಗಿದ್ದರೆ ಎರಡು ಪುಟ ಬರೆಯುತ್ತಿದ್ದೆ. ಅಜ್ಜಿ ಕಾಯುತ್ತಿದ್ದಾರೆ. ಮೇಷ್ಟ್ರು ಬೇಕಂತಲೇ ಬೇರೆ ಕಡೆ ನೋಡುತ್ತಿದ್ದಾರೆ! ಕೊನೆಗೆ ಹೇಳಿದೆ: "ಅಜ್ಜಿ, ಈ ನೀರಲ್ಲಿ ಸುಣ್ಣ ಜಾಸ್ತಿ. ಅದು ಬೇಳೆ ಸಿಪ್ಪೆಗೆ, ಮೈಗೆ ಹಿಡ್ಕೊಂಡು ಗಟ್ಟಿ ಮಾಡುತ್ತೆ."

"ಅದಕ್ಕೇ ಕೆರೆ ನೀರು ತರೋದು ನಾವು," ಎಂದು ಅಜ್ಜಿ ಬಿಂದಿಗೆ ಎತ್ತಿಕೊಂಡರು.

ಆ ರಾತ್ರಿ ಮೇಷ್ಟ್ರು ಕುವೆಂಪು ಅವರ ಸುದ್ದಿ ತೆಗೆದರು. 1956ರಿಂದ 60ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಯಾಗಿದ್ದವರು, ವಿಜ್ಞಾನವನ್ನೂ ಕನ್ನಡದಲ್ಲೇ ಕಲಿಸಬೇಕೆಂದು ಪಟ್ಟು ಹಿಡಿದವರು. "ಭಾಷಾಭಿಮಾನಕ್ಕೆ ಮಾತ್ರ ಅಂದ್ಕೊಂಡಿದ್ದೆಯಾ? ಇವತ್ತು ಅಜ್ಜಿ ಮುಂದೆ ತಡವರಿಸಿದೆಯಲ್ಲ, ಅದಕ್ಕೆ," ಎಂದರು. ನಾಟಿತು. ಡಿಗ್ರಿ ನನ್ನ ತಲೆಗೆ ಮಾತ್ರ ಪಾಠ ಹೇಳಿತ್ತು. ನಾಲಿಗೆಗೂ ಕೈಗೂ ಹೇಳಿದವರು ಈ ಮೇಷ್ಟ್ರು. ಇದು ಸಿಲಬಸ್ಸಿನಲ್ಲಿ ಎಲ್ಲಿತ್ತು ಅಂತ ಕೇಳಬೇಡಿ, ಇರಲಿಲ್ಲ.

ಊಟಕ್ಕೆ ಕೂತರೆ ಸಾರಿನಲ್ಲಿ ಬೇಳೆ ಕಲ್ಲಿನಂತೆ ಹಲ್ಲಿಗೆ ಸಿಕ್ಕಿತು. ಅಡುಗೆಗೆ ನಾವೇ ಬೋರಿನ ನೀರು ತುಂಬಿಸಿಟ್ಟಿದ್ದೆವು! ಮೇಷ್ಟ್ರು ಅಗಿಯುತ್ತಲೇ ನನ್ನ ಕಡೆ ನೋಡಿದರು, ಏನೂ ಅನ್ನಲಿಲ್ಲ. ಬೆಳಿಗ್ಗೆ ಆರಕ್ಕೆ ಎದ್ದು ನೋಡುತ್ತೇನೆ, ಪಂಚೆ ಮೇಲೆ ಕಟ್ಟಿ, ಹೆಗಲಿಗೆ ಬಿಂದಿಗೆ ಏರಿಸಿ ಕೆರೆ ದಾರಿ ಹಿಡಿದಿದ್ದಾರೆ. ಇನ್ನೊಂದು ಬಿಂದಿಗೆ ನನ್ನ ಚಾಪೆ ಪಕ್ಕದಲ್ಲೇ ಇತ್ತು.