ಬೆಳಗಿನ ಮೀಟಿಂಗ್ ಮೆಷಿನ್ ಪಕ್ಕಕ್ಕೆ ಬಂದ ಮೇಲೆ

ಮೀಟಿಂಗ್ ಹಾಳಾಗುವುದು ಜಾಸ್ತಿ ಮಾತಾಡುವವರಿಂದ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ವಿಷಯ ಗೊತ್ತಿರುವವನು ಆ ರೂಮಿನಲ್ಲೇ ಇರುವುದಿಲ್ಲ, ಅದಕ್ಕೇ ಉಳಿದವರೆಲ್ಲ ಅಷ್ಟೊಂದು ಮಾತಾಡುತ್ತಾರೆ.

ನಾನು ಪೀಣ್ಯದಲ್ಲಿ ಗಾಡಿಗಳ ಬಿಡಿಭಾಗ ಮಾಡುವ ಮೆಷಿನ್ ಶಾಪ್ ಒಂದರಲ್ಲಿ ಪ್ಲಾನಿಂಗ್ ನೋಡಿಕೊಳ್ಳುತ್ತೇನೆ. ಮೊದಲು ಬೆಳಗಿನ ಪ್ರೊಡಕ್ಷನ್ ಮೀಟಿಂಗ್ ಮಹಡಿ ಮೇಲಿನ ಎಸಿ ರೂಮಿನಲ್ಲಿ ನಡೆಯುತ್ತಿತ್ತು. ಒಬ್ಬರು ನಿನ್ನೆಯ ಎಕ್ಸೆಲ್ ಶೀಟನ್ನು ಪರದೆ ಮೇಲೆ ಹಾಕಿ ಸಾಲು ಸಾಲಾಗಿ ಓದುವುದು, ಉಳಿದವರು ಫೋನ್ ನೋಡುವುದು, ಕೆಂಪು ಅಂಕಿ ಬಂದ ಕೂಡಲೇ ಕ್ವಾಲಿಟಿಯವರು ಆಪರೇಟರ್ ಮೇಲೆ, ಪ್ರೊಡಕ್ಷನ್‌ನವರು ಲೋಹ ಕತ್ತರಿಸುವ ಇನ್ಸರ್ಟ್ ಮೇಲೆ, ಸ್ಟೋರ್ಸ್‌ನವರು ಸಪ್ಲೈಯರ್ ಮೇಲೆ ಹಾಕುವುದು. ಕೊನೆಗೆ "ಫಾಲೋಅಪ್ ಮಾಡ್ತೀವಿ ಸಾರ್". ಮಾರನೇ ದಿನ ಅದೇ ಕೆಂಪು ಅಂಕಿ.

ತೊಂದರೆ ಇರುವ ಜಾಗಕ್ಕೇ ಹೋಗಿ ನೋಡು ಅನ್ನುವುದು ಟೊಯೋಟಾದವರ ಹಳೇ ಪದ್ಧತಿ. ಬಿಡದಿಯಲ್ಲಿ ಅವರ ಕಾರ್ಖಾನೆ 1999ರಲ್ಲಿ ಶುರುವಾದ ಮೇಲೆ ನಮ್ಮ ಕಡೆ ಗೆಂಬಾ (ಕೆಲಸ ನಡೆಯುವ ಜಾಗ) ಅಂತ ಪೋಸ್ಟರ್ ಅಂಟಿಸದ ಶಾಪ್ ಕಡಿಮೆ. ಆದರೆ ಪೋಸ್ಟರ್ ಕೆಳಗೆ, ಮೀಟಿಂಗ್ ಮೇಲೆ!

ನಮ್ಮಲ್ಲಿ ಒಂದು ಪಾರ್ಟ್‌ನ ಬೋರ್, ಅಂದರೆ ಒಳಗೆ ಕೊರೆದ ತೂತು, ಪದೇ ಪದೇ ದೊಡ್ಡದಾಗಿ ಬರುತ್ತಿತ್ತು. 25 ಮಿಲಿಮೀಟರ್ ಬೋರ್, ಅಳತೆಯ ದರ್ಜೆ ಎಚ್7. ಅಂದರೆ ಮೇಲಕ್ಕೆ 21 ಮೈಕ್ರಾನ್‌ವರೆಗೆ ಮಾತ್ರ ಬಿಡುವು (ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್). ತೂತು ಅಳೆಯುವ ಪ್ಲಗ್ ಗೇಜ್‌ನ ಒಳಗೆ ಹೋಗಲೇಬಾರದ ನೋ-ಗೋ ತುದಿ ಸಲೀಸಾಗಿ ಒಳಗೆ ಹೋಗಿಬಿಡುತ್ತಿತ್ತು. ಬೋರ್ ಚಿಕ್ಕದಾಗಿದ್ದರೆ ಇನ್ನೊಮ್ಮೆ ಮೆಷಿನ್‌ಗೆ ಹಾಕಬಹುದು, ದೊಡ್ಡದಾದರೆ ಸ್ಕ್ರ್ಯಾಪೇ ಗತಿ. ಇದರ ಮೇಲೆ ರೂಮಿನಲ್ಲಿ ಎಷ್ಟು ವಾದ ನಡೆಯಿತೋ ಲೆಕ್ಕವಿಲ್ಲ, ಸ್ಪಿಂಡಲ್ ಬೇರಿಂಗ್ ಬದಲಿಸಬೇಕು ಅಂತ ಕೊಟೇಶನ್ ಕೂಡ ಬಂದಿತ್ತು. ಹೊಸದಾಗಿ ಬಂದ ಪ್ಲಾಂಟ್ ಮ್ಯಾನೇಜರ್ ಒಂದು ದಿನ ಎಲ್ಲರನ್ನೂ ಎಬ್ಬಿಸಿ ಕೆಳಗೆ ಕರೆದುಕೊಂಡು ಹೋದರು. ಆಪರೇಟರ್ ಹತ್ತಿರ "ಏನಪ್ಪಾ, ಯಾವಾಗ ಹೀಗಾಗುತ್ತೆ?" ಅಂತ ಕನ್ನಡದಲ್ಲೇ ಕೇಳಿದರು. ಅವನು, "ಸೋಮವಾರ ಫಸ್ಟ್ ಶಿಫ್ಟ್‌ನಲ್ಲೇ ಸಾರ್. ಭಾನುವಾರ ಪೂರ್ತಿ ಆಫ್ ಆಗಿರುತ್ತಲ್ಲ, ಮೆಷಿನ್ ತಣ್ಣಗಿರುತ್ತೆ. ಶನಿವಾರ ಬಿಸಿ ಇದ್ದಾಗ ಸೈಜ್ ಸರಿಮಾಡೋಕೆ ಕೊಟ್ಟ ಆಫ್‌ಸೆಟ್ ಇದಕ್ಕೆ ಕೂರಲ್ಲ. ಸ್ವಲ್ಪ ಹೊತ್ತು ಖಾಲಿ ಓಡಿಸಿ ಶುರು ಮಾಡಿದ್ರೆ ಸೈಜ್ ನಿಲ್ಲುತ್ತೆ" ಅಂದ. ಮೊದಲೇ ಯಾಕೆ ಹೇಳಲಿಲ್ಲ ಅಂದರೆ, ಯಾರೂ ಕೇಳಲಿಲ್ಲವಂತೆ. ನಿಜ ತಾನೇ?

ವಾರ್ಮ್‌ಅಪ್ ಪ್ರೋಗ್ರಾಮ್ ಹಾಕಿದೆವು. ಬೇರಿಂಗ್ ಕೊಟೇಶನ್ ಫೈಲ್ ಸೇರಿತು.

ಆಮೇಲೆ ಮೀಟಿಂಗ್ ಕೆಳಗೇ ಉಳಿಯಿತು. ಲೈನ್ ಪಕ್ಕ ಒಂದು ವೈಟ್ ಬೋರ್ಡ್, ಕುರ್ಚಿ ಇಲ್ಲ, ಕಾಲು ಗಂಟೆ. ಅಂಕಿಗಳನ್ನು ಶಿಫ್ಟ್ ಸೂಪರ್‌ವೈಸರ್ ಮೊದಲೇ ಬರೆದಿಟ್ಟಿರುತ್ತಾರೆ, ಯಾರೂ ಓದಿ ಹೇಳುವುದಿಲ್ಲ, ಓದಲು ಎಲ್ಲರಿಗೂ ಬರುತ್ತದೆ. ಕೆಂಪಾಗಿರುವುದರ ಬಗ್ಗೆ ಮಾತ್ರ ಮಾತು. ಮೆಷಿನ್ ಸದ್ದಿನಲ್ಲಿ ಉದ್ದುದ್ದ ಭಾಷಣ ಹೊಡೆಯುವುದೂ ಕಷ್ಟ, ಇದು ನಾವು ಎಣಿಸದೇ ಸಿಕ್ಕ ಲಾಭ.

ಇಂಗ್ಲಿಷ್ ಬಿಟ್ಟಿದ್ದು ಇದೆಲ್ಲಕ್ಕಿಂತ ದೊಡ್ಡದು. ಐಟಿಐ ಓದಿ ಬಂದ ಹುಡುಗರು ಮೇಲಿನ ರೂಮಿನಲ್ಲಿ "ಎಸ್ ಸಾರ್" ಬಿಟ್ಟು ಬೇರೇನೂ ಹೇಳುತ್ತಿರಲಿಲ್ಲ. ಇಲ್ಲಿ ಅವರೇ ಮೇಂಟೆನೆನ್ಸ್‌ನವರ ಜೊತೆ ಜಗಳಕ್ಕೆ ನಿಲ್ಲುತ್ತಾರೆ. ಒಡಿಶಾ, ಬಿಹಾರದಿಂದ ಬಂದವರೂ ಇದ್ದಾರೆ, ಅವರಿಗೆ ಹಿಂದಿಯಲ್ಲಿ ಇನ್ನೊಮ್ಮೆ ಹೇಳಬೇಕು. ಎರಡು ನಿಮಿಷ ಹೆಚ್ಚು ಹಿಡಿಯುತ್ತದೆ, ಹಿಡಿಯಲಿ.

ಯಜಮಾನರು ಬಂದ ದಿನ ಮಾತ್ರ ಈಗಲೂ ಎಲ್ಲ ಕೆಡುತ್ತದೆ. ಅವರು ಮೊದಲು ಬಾಯಿ ತೆರೆದರೆ ಉಳಿದವರೆಲ್ಲ ಅದಕ್ಕೆ ತಾಳ ಹಾಕುತ್ತಾರೆ. ದಯವಿಟ್ಟು ಕೊನೆಗೆ ಮಾತಾಡಿ ಸಾರ್ ಅಂತ ಮ್ಯಾನೇಜರ್ ಹೇಳಿದ್ದಾರೆ, ಒಂದೊಂದು ದಿನ ನೆನಪಿರುತ್ತದೆ.

ಬೋರ್ಡ್‌ನ ಬಲಗಡೆ ಕೆಲಸ, ಹೆಸರು, ತಾರೀಖು. ಗಾಡಿ ಬಿಡಿಭಾಗ ಮಾಡುವವರ ಕ್ವಾಲಿಟಿ ಸ್ಟ್ಯಾಂಡರ್ಡ್ ಆದ ಐಎಟಿಎಫ್ 16949 ಆಡಿಟ್‌ಗೆ ಬರುವವರು ಕೇಳುವುದೂ ಇದನ್ನೇ, ಆದರೆ ಅವರಿಗೋಸ್ಕರ ಬರೆದದ್ದು ಫೈಲಿನಲ್ಲೇ ಉಳಿಯುತ್ತದೆ. ಹೆಸರಿನ ಜಾಗದಲ್ಲಿ "ಮೇಂಟೆನೆನ್ಸ್" ಅಂತ ಡಿಪಾರ್ಟ್‌ಮೆಂಟ್ ಬರೆಯುವ ಹಾಗಿಲ್ಲ, ಮನುಷ್ಯನ ಹೆಸರೇ ಬೇಕು. ನೈಟ್ ಶಿಫ್ಟ್‌ನವರು ಮೀಟಿಂಗ್‌ಗೆ ಇರುವುದಿಲ್ಲ, ಹೇಳಬೇಕಾದ್ದನ್ನು ಬೋರ್ಡ್ ಮೇಲೆ ಬರೆದು ಹೋಗುತ್ತಾರೆ. ಮಾರ್ಕರ್‌ಗೆ ದಾರ ಕಟ್ಟಿ ನೇತುಹಾಕಿದ್ದೇವೆ, ಇಲ್ಲಾಂದ್ರೆ ಯಾರದೋ ಜೇಬು ಸೇರುತ್ತದೆ.